ಬಣ್ಣ ಒಣಗುವವರೆಗೆ

ನೊಣ ಗಾಜು ಹತ್ತುತ್ತಿದೆ, ಅರ್ಧಕ್ಕೆ ಬಂದು ಜಾರುತ್ತದೆ, ಮತ್ತೆ ಹತ್ತುತ್ತದೆ, ಹಳೆಯ ಗಾಜಾಗಿದ್ದರೆ ಹಬೆಯ ಕಲೆಯೋ ಬಣ್ಣದ ಕಲೆಯೋ, ಕಾಲೂರಲು ಎಲ್ಲಾದರೂ ಒಂದು ಜಾಗ ಸಿಗುತ್ತಿತ್ತು ಪಾಪ, ಈ ಹೊಸದರಲ್ಲಿ ಏನೂ ಇಲ್ಲ, ಬರೀ ಆಚೆಯ ಬೀದಿ — ಬಣ್ಣದಮ್ಮ ಅದನ್ನು ಓಡಿಸಲು ಕೈ ಎತ್ತಿದಳು, ಎತ್ತಿದ ಕೈ ಮೊಣಕೈವರೆಗೂ ನೀಲಿ, ಹಾಗೇ ಇಳಿಸಿದಳು, ಗಾಜಿಗೆ ತಾಗಿದರೆ ಮುಗಿಯಿತು, ಮಧ್ಯಾಹ್ನ ಬರುವ ಗಾಜಿನವನು ಬಂದ ಕೆಲಸ ಬಿಟ್ಟು ಜೇಬಿನಿಂದ ಬಟ್ಟೆ ತೆಗೆದು ಮೊದಲು ಗಾಜು ಒರೆಸುತ್ತಾನೆ, ಅಂಥ ಪ್ರಾಣಿ. ಮಧ್ಯಾಹ್ನ ಬರುತ್ತಾನೆ. ಸೊಸೆಯನ್ನು ಕೊಡುತ್ತೀರಾ ಇಲ್ಲವಾ ಎಂದು ಕೇಳಲು ಬರುತ್ತಾನೆ. ಸೊಸೆಯನ್ನು ಕೊಡುವುದಂತೆ! ಮಗಳನ್ನು ಕೊಡುತ್ತಾರೆ, ಸೊಸೆಯನ್ನು ತರುತ್ತಾರೆ, ಲೋಕವೆಲ್ಲ ಹಾಗೆ, ಈ ಮನೆಯಲ್ಲಿ ಮಾತ್ರ ಎಲ್ಲವೂ ಒಳಗಿನದು ಹೊರಗೆ ಮಾಡಿದ ಅಂಗಿ. ಕಿಟಕಿಗೆ ಅಡ್ಡ ಕಟ್ಟಿದ ದಾರದಲ್ಲಿ ಮೊಳದುದ್ದದ ಬಟ್ಟೆಯ ತುಂಡು ತೂಗುತ್ತಿದೆ, ನೀಲಿ, ನಡುವೆ ಬಿಳಿ ಕಲೆ, ಇನ್ನೂ ತೊಟ್ಟಿಕ್ಕುತ್ತಿದೆ, ಅದು ದೇವರ ಉತ್ತರ. ಬೇಡ ಅಂದಿದ್ದಾನೆ. ಬೆಳಿಗ್ಗೆ ಸೊಸೆ ಆಸ್ಪತ್ರೆಯ ಪರದೆಗಳ ಗಂಟು ಹೊತ್ತು ಹೊರಟ ಮೇಲೆ, ಬಾಗಿಲು ಹಾಕಿಕೊಂಡು, ಪರದೆಗಳಿಗೆ ಹಾಕಿ ಉಳಿದಿದ್ದ ನೀಲಿ ತೊಟ್ಟಿಯ ಮುಂದೆ ಕುಳಿತು ಅವಳೇ ಮಾತು ಕೊಟ್ಟಿದ್ದಳು, ದೇವರೇ, ಈ ಬಿಳಿ ತುಂಡು ಮುಳುಗಿಸ್ತೀನಿ, ಒಂದೇ ಸಮ ಬಣ್ಣ ಹತ್ತಿದ್ರೆ ಆಗಲಿ ಅಂತ ನಿನ್ನ ಅಪ್ಪಣೆ, ಕಲೆ ಬಿದ್ರೆ ಬೇಡ ಅಂತ, ನಾನು ಮಧ್ಯೆ ಬಾಯಿ ಹಾಕಲ್ಲ. ಕೋಲಿನಿಂದ ತಿರುವಲು ಮನಸ್ಸು ಬರಲಿಲ್ಲ, ಗಿರಾಕಿಯ ಪ್ಯಾಂಟಿಗೆ ಕೋಲು ಸರಿ, ದೇವರ ಮಾತಿಗೆ ಕೋಲು ಹಾಕುವುದುಂಟೇ, ಕೈಯಲ್ಲೇ ಹಿಡಿದು ಮುಳುಗಿಸಿ, ಕಣ್ಣು ಮುಚ್ಚಿ, ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳಿ, ಅರ್ಧ ಮರೆತದ್ದನ್ನು ಗೊಣಗಿ, ಬೆರಳು ಮರಗಟ್ಟುವವರೆಗೂ ಕುಳಿತು, ತೆಗೆದು ನೋಡಿದರೆ — ಕಲೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಬಟ್ಟೆಯನ್ನೂ ಕಲೆ ಮಾಡಿ ಕೊಡದ ಕೈ ಇದು, ಇದರಲ್ಲಿ ಕಲೆ ಬಿತ್ತೆಂದರೆ ಅದು ಅವನದೇ ಮಾತು, ಸಂಶಯವೇ ಬೇಡ.

ನಿನ್ನೆ ಸಂಜೆ, ಹಿತ್ತಲಿನ ನಲ್ಲಿಯ ಹತ್ತಿರ, ಇಬ್ಬರೂ ಎದುರುಬದುರು ನಿಂತು ಪರದೆ ಹಿಂಡುತ್ತಿದ್ದಾಗ, ಆ ತುದಿ ಅವಳು ಬಲಕ್ಕೆ ತಿರುಚಬೇಕು, ಈ ತುದಿ ಇವಳು ಎಡಕ್ಕೆ, ಮಾತೇ ಬೇಡದ ಕೆಲಸ, ಅಂಥಾ ಹೊತ್ತಿನಲ್ಲೇ ಸೊಸೆಗೆ ಮಾತು ಬರುವುದು, ಅತ್ತೆ, ಅವರು ಕೇಳಿದ್ರು. ಯಾರೇ ಕೇಳಿದ್ದು, ಏನು ಕೇಳಿದ್ದು, ಬಾಕಿ ಪರದೆನಾ? ಪರದೆ ಅಲ್ಲ ಅತ್ತೆ, ಮದುವೆ. ಪರದೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಇವಳ ಕಡೆಯ ತುದಿಯೇ ಬಿದ್ದದ್ದು, ಮತ್ತೆ ತೊಳೆದದ್ದಾಯಿತು, ತೊಳೆಯುತ್ತ ತೊಳೆಯುತ್ತ ಕೇಳಿದಳು, ನೀನೇನಂದೆ. ಅತ್ತೇನ ಕೇಳ್ಬೇಕು ಅಂದೆ. ಅಂದ್ರೆ ನಿನಗೆ ಇಷ್ಟ. ಸೊಸೆ ನಲ್ಲಿ ಇನ್ನಷ್ಟು ತಿರುಗಿಸಿದಳು, ನೀರು ಜೋರಾಗಿ ಬಂತು, ಆಮೇಲೆ ನೀರಿನ ಸದ್ದಿನಲ್ಲೇ, ನೀವು ಬೇಡ ಅಂದ್ರೆ ಬೇಡ ಅತ್ತೆ, ಸತ್ಯವಾಗ್ಲೂ, ನಾನು ಮುಖ ಸಪ್ಪೆ ಮಾಡ್ಕೊಳಲ್ಲ. ಅದೇ ಕಷ್ಟ. ಹಟ ಹಿಡಿಯುವವಳಾಗಿದ್ದರೆ ಇವಳೂ ಹಟ ಹಿಡಿದು ಜಗಳವಾಡಿ ಸೋತು ಕೂರಬಹುದಿತ್ತು, ಸೋಲುವುದು ಎಷ್ಟೋ ಸುಲಭ. ನಾನು ದೇವರನ್ನ ಕೇಳ್ಬೇಕು ಕಣೇ, ನಾಳೆ ಮಧ್ಯಾಹ್ನ ಬರ್ಲಿ ಅನ್ನು ಎಂದುಬಿಟ್ಟಳು. ನೋಡಿ ಮತ್ತೆ, ಗಾಜಿನವನು ಸೊಸೆಯನ್ನು ಕೇಳಿದ, ಸೊಸೆ ಅತ್ತೆಯನ್ನು ಕೇಳಿದಳು, ಅತ್ತೆ ದೇವರನ್ನು ಕೇಳಿದಳು, ಅವನು ಪಾಪ ಯಾರನ್ನು ಕೇಳಬೇಕು, ಅವನ ಮೇಲೆ ಯಾರೂ ಇಲ್ಲ. ಹಾಗಂತ ಕೇಳದೆ ಇರಲಾಗುತ್ತದೆಯೇ, ಬಟ್ಟೆ ಎತ್ತುವ ಮುಂಚೆ ಕೇಳು, ತೊಟ್ಟಿಗೆ ಬಿದ್ದ ಮೇಲೆ ಕೇಳಿದರೆ ಅವನಾದರೂ ಏನು ಮಾಡಿಯಾನು, ಎನ್ನುತ್ತಿದ್ದರು ಯಜಮಾನರು, ಪ್ರತಿ ಬಣ್ಣಕ್ಕೂ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು, ಕೆಂಪಿಗೆ ಸ್ವಲ್ಪ ಜಾಸ್ತಿ ಹೊತ್ತು, ಕೆಂಪು ಮೋಸ ಮಾಡುವ ಬಣ್ಣ. ಗಿರಾಕಿಗಳು ಅವರು ನಿದ್ದೆ ಹೋದರೆಂದುಕೊಂಡು ಕೆಮ್ಮುತ್ತಿದ್ದರು. ಒಮ್ಮೊಮ್ಮೆ ನಿಜಕ್ಕೂ ನಿದ್ದೆಯೇ ಹೋಗಿರುತ್ತಿದ್ದರು.

ಕಲೆ ನೋಡಿದಾಗ ಏನಾಯಿತು, ಅದನ್ನು ಹೇಳಿಕೋ ಮೊದಲು, ದೇವರ ಮುಂದೆ ಮುಚ್ಚುಮರೆ ಯಾಕೆ — ಖುಷಿಯಾಯಿತು. ಎದೆಯೊಳಗೆ ಏನೋ ಧಪ್ಪಂತ ಕೂತಿತು, ಅಬ್ಬ ಅನ್ನಿಸಿತು, ಒಲೆ ಹಚ್ಚಿ ಟೀ ಮಾಡಿಕೊಂಡು ಕುಡಿದಳು, ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿಕೊಂಡು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಲೋಟ ತೊಳೆಯುವಾಗ ಮಾತ್ರ ಏನೋ ಚುಚ್ಚಿತು, ಇಷ್ಟು ವರ್ಷ ಕೇಳಿದ್ದೇನೆ, ಯಾವತ್ತಾದರೂ ಅವನು ನಾನು ಬಯಸಿದ್ದನ್ನೇ ಹೇಳಿದ್ದುಂಟೇ, ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನೇ, ಇವತ್ತು ಅವನು ಇಷ್ಟು ಒಳ್ಳೆಯವನಾದದ್ದು ಹೇಗೆ. ಮತ್ತೆ ಕಿಟಕಿಯ ಹತ್ತಿರ ಬಂದು ನಿಂತಳು. ಕಲೆ ಅಲ್ಲೇ ಇದೆ, ನೀರು ಕುಡಿದು ಉಬ್ಬಿಕೊಂಡು, ಅಂಚಿಲ್ಲದೆ, ಹಾಲು ಚೆಲ್ಲಿದ ಹಾಗೆ. ಒದ್ದೆ ಬಣ್ಣ ಸುಳ್ಳು ಹೇಳುತ್ತೆ ಕಣೇ, ಒಣಗೋವರೆಗೂ ಗಿರಾಕಿಗೆ ತೋರಿಸ್ಬೇಡ, ನೀನೂ ನೋಡ್ಬೇಡ, ಇದೂ ಯಜಮಾನರದೇ, ಸತ್ತ ಮೇಲೂ ಈ ಮನುಷ್ಯ ಬಾಯಿ ಮುಚ್ಚುವುದಿಲ್ಲ. ಸರಿ ಮಾರಾಯ್ರೇ, ಒಣಗಲಿ. ಒಣಗಿದರೂ ಕಲೆ ಕಲೆಯೇ. ಸೊಸೆಗೆ ಹೇಳಬೇಕು, ದೇವರು ಬೇಡ ಅಂದ ಕಣೇ, ನಾನಲ್ಲ, ನನ್ನದೇನೂ ಇಲ್ಲ, ಮತ್ತು ಅವಳು ಸರಿ ಅತ್ತೆ ಅನ್ನುತ್ತಾಳೆ, ಮುಖ ಸಪ್ಪೆ ಮಾಡಿಕೊಳ್ಳುವುದಿಲ್ಲ, ಸಂಜೆ ಆ ತುದಿ ಹಿಡಿದು ಬಲಕ್ಕೆ ತಿರುಚುತ್ತಾಳೆ, ನಾಳೆಯೂ ತಿರುಚುತ್ತಾಳೆ, ನಾನು ಎಡಕ್ಕೆ, ಅವಳು ಬಲಕ್ಕೆ, ಅವಳ ತಲೆ ಬೆಳ್ಳಗಾಗುವವರೆಗೂ. ಹಾಗೆ ನೆನೆದದ್ದೇ ತಡ, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಸಕ್ಕರೆ ಜಾಸ್ತಿಯಾಗಿರಬೇಕು.

ಮಗನ ದಯೆ ಇದೆಲ್ಲ. ದೂರದ ಬಸ್ಸು ಓಡಿಸುವವನು, ಈ ತುದಿಯಲ್ಲಿ ಒಂದು ಮನೆ, ಆ ತುದಿಯಲ್ಲಿ ಇನ್ನೊಂದು ಮಾಡಿಕೊಂಡ, ಗೊತ್ತಾಗುವ ಹೊತ್ತಿಗೆ ಅಲ್ಲಿ ತೊಟ್ಟಿಲೂ ಕಟ್ಟಿಯಾಗಿತ್ತು. ಕೋರ್ಟಿನ ಕೆಲಸ ಮುಗಿದ ದಿನ ಬಟ್ಟೆ ತಗೊಂಡು ಹೋಗಲು ಬಂದ, ಸೊಸೆ ಒಂದೊಂದೇ ಅಂಗಿ ಮಡಿಸಿ ಕೊಟ್ಟಳು, ಕಾಲರ್ ಸರಿ ಮಾಡಿ, ಗುಂಡಿ ಹಾಕಿ, ಅವನು ಬಾಗಿಲಲ್ಲೇ ನಿಂತಿದ್ದ, ಬರ್ತೀನಮ್ಮ ಅಂದ, ಇವಳು ಹೂಂ ಅನ್ನಲೂ ಇಲ್ಲ. ಈಗ ಕೋಪ ಆರಿದೆ, ಫೋನು ಮಾಡುತ್ತಾನೆ, ಮೊಮ್ಮಗಳು ಅಜ್ಜೀ ಅನ್ನುತ್ತಾಳೆ, ಆ ದನಿ ಸಿಹಿಯಾಗಿದೆ, ಯಾಕೆ ಸುಳ್ಳು ಹೇಳಲಿ. ಆದರೆ ಅವತ್ತು ಅವನು ಹೋದ ಮೇಲೆ ಸೊಸೆ ತನ್ನ ಪೆಟ್ಟಿಗೆಯನ್ನೂ ಹೊರಗೆ ತಂದಿಟ್ಟಳು. ಎಲ್ಲಿಗೆ? ಗೊತ್ತಿಲ್ಲ ಅತ್ತೆ, ಇನ್ಮೇಲೆ ನಾನಿಲ್ಲಿ ಯಾರು? ಯಾರು ಅಂದ್ರೆ, ಹಂಡೇಲಿ ನೀರು ಕುದೀತಿದೆ, ನಾನೊಬ್ಬಳೇ ಇಳಿಸೋಕಾಗುತ್ತಾ, ಆ ಕಿವಿ ಹಿಡಿ. ಇಬ್ಬರೂ ಹಂಡೆಯ ಎರಡು ಕಿವಿ ಹಿಡಿದು ಇಳಿಸಿದರು. ಪೆಟ್ಟಿಗೆ ಎಷ್ಟೋ ದಿನ ಅಲ್ಲೇ ಇತ್ತು, ಗಿರಾಕಿಗಳು ಅದರ ಮೇಲೆ ಕೂರುತ್ತಿದ್ದರು, ಒಂದು ದಿನ ತಾನಾಗಿಯೇ ಒಳಗೆ ಹೋಯಿತು. ಅವತ್ತು ದೇವರನ್ನು ಕೇಳಿದ್ದೆನೇ? ಇಲ್ಲವಲ್ಲ. ಕಣ್ಣು ಮುಚ್ಚಲಿಲ್ಲ, ತುಂಡು ಮುಳುಗಿಸಲಿಲ್ಲ, ಬಾಯಿಗೆ ಬಂದದ್ದು ಅಂದೆ, ಜನ್ಮದಲ್ಲಿ ಆಡಿದ ಒಳ್ಳೆಯ ಮಾತು ಅದೊಂದೇ ಇರಬೇಕು. ಎಷ್ಟು ಬೇಗ ಕೆಲಸ ಕಲಿತಳು ಹುಡುಗಿ, ಮೊದಮೊದಲು ಒಂದೇ ಒಂದು ಅಭ್ಯಾಸ ಬಿಡಲೊಲ್ಲಳು, ಬಟ್ಟೆ ಎಲ್ಲಿ ಓಡಿಹೋಗುತ್ತದೋ ಎಂಬ ಹಾಗೆ ನೀರಿನೊಳಗೂ ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದಳು, ಅಲ್ಲಲ್ಲಿ ಬಿಳಿ ಉಳಿದುಬಿಡುತ್ತಿತ್ತು, ಹಿಡ್ಕೋಬೇಡ್ವೇ, ಬಿಡು, ನೀರು ನೋಡ್ಕೊಳ್ಳುತ್ತೆ, ಎಲ್ಲಿಗೂ ಹೋಗಲ್ಲ ಅದು, ತೊಟ್ಟಿ ಬಿಟ್ಟು ಎಲ್ಲಿಗೆ ಹೋಗುತ್ತೆ. ಅವಳು ನಗುತ್ತಿದ್ದಳು. ಹೋದವನ ಮನೆಯಲ್ಲಿ ಉಳಿದವಳು ನಗುವುದು ಕೇಳಿ ಬೀದಿಯವರು ಏನೇನೋ ಅಂದರು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂದರು, ಅನ್ನಲಿ, ಇಲ್ಲಿ ಇಬ್ಬರದೂ ಒಂದೇ ಕಾಲ, ಒಂದೇ ನೀಲಿ ಉಗುರು.

ಹೊರಗೆ ಸೈಕಲ್ಲಿನ ಸದ್ದು — ಅಲ್ಲ, ಹಾಲಿನವನು, ಇನ್ನೂ ಹೊತ್ತಿದೆ. ನೊಣ ಮೇಲಿನ ಚೌಕಟ್ಟು ತಲುಪಿದೆ, ಭೇಷ್. ಈ ಗಾಜಿನಿಂದಲೇ ಶುರುವಾದದ್ದು, ಪಕ್ಕದ ಮನೆಯವರು ಏಣಿ ತಿರುಗಿಸುವಾಗ ತಾಗಿ ಒಡೆಯಿತು, ಗಾಜಿನವನು ಬಂದ, ಪೆನ್ಸಿಲು ಕಿವಿಯ ಮೇಲೆ, ಮಾತು ಕಡಿಮೆ, ದಿನವಿಡೀ ಗಾಜು ನೋಡಿ ನೋಡಿ ಎದುರು ನಿಂತವರ ಆಚೆಗೆ ನೋಡುವ ಅಭ್ಯಾಸ. ಒಂದು ಗಾಜು ಹಾಕಿದ. ಮಾರನೆಯ ವಾರ ಬಂದು, ಅಮ್ಮಾ, ಪಕ್ಕದ್ದೂ ಸಡಿಲ ಇತ್ತು, ಅವತ್ತೇ ನೋಡ್ದೆ. ಅದನ್ನು ಹಾಕಿದ. ಆಮೇಲೆ ಹಿತ್ತಲ ಬಾಗಿಲಿನದು, ಆಮೇಲೆ ಬಚ್ಚಲಿನ ಬೆಳಕಿಂಡಿ, ಹೀಗೆ ಮನೆಯಲ್ಲಿ ಒಂದು ಹಳೆಯ ಗಾಜು ಉಳಿಯಲಿಲ್ಲ, ಇನ್ನು ತನ್ನ ಕನ್ನಡಕ ಒಂದೇ ಬಾಕಿ ಎಂದು ಅವಳು ಅದನ್ನು ಮುಚ್ಚಿಟ್ಟುಕೊಂಡಿದ್ದಳು. ಮೊದಲ ದಿನವೇ ತಿಳಿಯಬೇಕಿತ್ತು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಗಾಜಿನ ಸುತ್ತ ಮೆತ್ತಿದ ಮೆತ್ತಗಿನ ಪಟ್ಟಿಯ ಮೇಲೆ ಸೊಸೆ ಹೆಬ್ಬೆಟ್ಟು ಒತ್ತಿ ನೋಡಿದಳು, ಇದು ಯಾವಾಗ ಗಟ್ಟಿ ಆಗುತ್ತೆ ಎಂದು, ನೀಲಿ ಹೆಬ್ಬೆಟ್ಟು ಅಚ್ಚಾಗಿ ಉಳಿಯಿತು, ಕೂದಲೆಳೆಯಷ್ಟು ಗೆರೆ ಬಿದ್ದರೂ ಇಡೀ ಗಾಜು ಬದಲಿಸುವ ಮನುಷ್ಯ ಅದನ್ನು ನೋಡಿದ, ಕೈಯಲ್ಲಿ ಚಾಕು ಇತ್ತು, ಸವರಲಿಲ್ಲ. ಹಾಗೇ ಬಿಟ್ಟ. ಇಲ್ಲೇ ಇದೆ ಅದು, ಮೂಲೆಯಲ್ಲಿ, ಗಟ್ಟಿಯಾಗಿ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ, ದೂರದವನೂ ಅಲ್ಲ, ಎರಡು ಬೀದಿ ಆಚೆ, ದಿನಾ ಕೆಲಸಕ್ಕೆ ಬರ್ತೀನಿ ಅತ್ತೆ ಎಂದೂ ಹೇಳಿದ್ದಾಳೆ. ಬರುತ್ತಾಳೆ, ನಿಜ. ಕೆಲಸಕ್ಕೆ ಬರುವವರು ಕತ್ತಲಾದರೆ ಹೋಗುತ್ತಾರೆ. ಗೋಡೆಯ ಆ ಕಡೆ ಅವಳು ಮಗ್ಗಲು ಬದಲಿಸುವ ಸದ್ದು ಬರುವುದಿಲ್ಲ. ಮತ್ತೆ ಆ ಪದ, ಅದೊಂದು ಪದ — ಅವನಿಗೂ ತಾಯಿ ಇದ್ದಾಳೆ, ಕಿವಿ ಕೇಳಿಸದ ಗುಂಡು ಮುಖದ ಮುದುಕಿ, ಇನ್ನು ಅವಳೇ ಅತ್ತೆ, ನ್ಯಾಯವಾಗಿ ಅವಳೇ, ಸೊಸೆ ಅಲ್ಲಿ ನಿಂತು ಅತ್ತೇ ಎಂದು ಕೂಗುತ್ತಾಳೆ, ಆ ಮುದುಕಿಗೆ ಕೇಳಿಸುವುದಿಲ್ಲ, ಎರಡು ಬೀದಿ ಈಚೆ ನನಗೆ ಕೇಳಿಸುತ್ತದೆ, ಬಂದೆ ಕಣೇ ಎಂದು ಎದ್ದುಬಿಡುತ್ತೇನೆ. ನನ್ನನ್ನು ಏನೆಂದು ಕರೆಯುತ್ತಾಳೆ? ಬಣ್ಣದಮ್ಮ ಎಂದೇ, ಬೀದಿಯವರ ಹಾಗೆ? ಇದನ್ನು ದೇವರಿಗೆ ಹೇಳಿರಲಿಲ್ಲ. ಈಗ ಹೇಳಿದಳು. ಇದೇ ಕಣಪ್ಪ ನನ್ನ ಭಯ, ಬೇರೇನಿಲ್ಲ, ಇಷ್ಟೇ. ಹೇಳಿದ ಮೇಲೆ ಎದೆ ಹಗುರಾಯಿತು, ಹಗುರಾದದ್ದು ಕಂಡು ಅವಳಿಗೇ ಸೋಜಿಗ.

ತೊಟ್ಟಿಕ್ಕುವುದು ಯಾವಾಗಲೋ ನಿಂತಿದೆ. ಬಿಸಿಲು ಕಿಟಕಿಗೆ ಬಂದಿದೆ, ಬಟ್ಟೆಯ ತುಂಡು ಹಗುರಾಗಿ ಅಲ್ಲಾಡುತ್ತಿದೆ, ಒಣಗಿದ ಬಟ್ಟೆಯ ಅಲುಗಾಟವೇ ಬೇರೆ, ಕಣ್ಣು ಮುಚ್ಚಿದ್ದರೂ ಹೇಳಬಲ್ಲಳು. ದಾರದಿಂದ ಬಿಡಿಸಿ ಬೆಳಕಿಗೆ ಹಿಡಿದಳು. ನೀಲಿ ಒಂದು ಪಾಲು ತಿಳಿಯಾಗಿದೆ, ಒಳ್ಳೆಯ ನೀಲಿ, ಆಸ್ಪತ್ರೆಯವರು ಮೆಚ್ಚುತ್ತಾರೆ, ಮತ್ತು ಕಲೆ — ಕಲೆ ಚೆಲ್ಲಿದ ಹಾಲಿನಂತಿಲ್ಲ ಈಗ. ಅಂಚು ಬಂದಿದೆ. ಒಂದು ಕಲೆಯಲ್ಲ, ಪಕ್ಕಪಕ್ಕದಲ್ಲಿ ಉದ್ದುದ್ದ, ಒಂದು ಗಿಡ್ಡ, ಎರಡು ಉದ್ದ, ಮತ್ತೊಂದು ಸ್ವಲ್ಪ ಗಿಡ್ಡ, ನಡುನಡುವೆ ನೀಲಿ ಗೆರೆ, ಇದೇನಿದು ಯಾವುದೋ ಎಲೆಯ ಹಾಗೆ, ಬಾಚಣಿಗೆಯ ಹಾಗೆ, ಅಲ್ಲ. ಅಯ್ಯೋ. ಬಲಗೈಯನ್ನು ತಂದು ಅದರ ಮೇಲಿಟ್ಟಳು, ಬೆರಳ ಮೇಲೆ ಬೆರಳು ಕೂತಿತು, ಹೊಲಿಸಿದ ಹಾಗೆ ಕೂತಿತು, ಕಿರುಬೆರಳ ಸೊಟ್ಟ ಗಂಟೂ ಸಹ. ಹಿಡಿದುಕೊಂಡಿದ್ದಳು. ಕಣ್ಣು ಮುಚ್ಚಿ, ನಾನು ಮಧ್ಯೆ ಬಾಯಿ ಹಾಕಲ್ಲ ಎಂದು ಮಾತು ಕೊಟ್ಟು, ನೀರಿನೊಳಗೆ ಆ ತುಂಡನ್ನು ಮುಷ್ಟಿಯಲ್ಲಿ ಅಷ್ಟು ಹೊತ್ತು, ಅಷ್ಟು ಗಟ್ಟಿಯಾಗಿ, ಎಲ್ಲಿ ಓಡಿಹೋಗುತ್ತದೋ ಎಂಬ ಹಾಗೆ — ಹಿಡ್ಕೋಬೇಡ್ವೇ, ಬಿಡು, ನೀರು ನೋಡ್ಕೊಳ್ಳುತ್ತೆ — ಸೊಸೆಗೆ ಎಷ್ಟು ಸಲ ಹೇಳಿದ ಮಾತು, ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠ, ಅದನ್ನು ಮರೆತು ಕೂತಿದ್ದಳಲ್ಲ ಬಣ್ಣದಮ್ಮ, ಬೀದಿಗೆಲ್ಲ ದೊಡ್ಡ ಬಣ್ಣದಮ್ಮ. ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಒಬ್ಬಳೇ ನಿಂತು ನಕ್ಕಳು, ಕಣ್ಣೊರೆಸಿಕೊಂಡರೆ ಕೆನ್ನೆಗೂ ನೀಲಿ. ಬೇಡ ಅಂದದ್ದು ಯಾರು ಅಂತ ಈಗ ಗೊತ್ತಾಯ್ತಾ, ಎಂದು ಅವನು ಕೇಳಿದಂತಾಯಿತು, ಅಥವಾ ಯಜಮಾನರೋ, ಇಬ್ಬರ ದನಿಯೂ ಈಚೀಚೆಗೆ ಒಂದೇ ಥರ ಕೇಳಿಸುತ್ತದೆ. ಗೊತ್ತಾಯ್ತಪ್ಪ. ನನ್ನ ಕೈಯನ್ನೇ ನನಗೆ ತೋರಿಸಿದೆ, ಇನ್ನೇನು ಹೇಳಬೇಕು ನೀನು.

ಬಾಗಿಲಲ್ಲಿ ಕಾಲು ಒರೆಸುವ ಸದ್ದು, ಒರೆಸಿದ್ದನ್ನೇ ಒರೆಸುವ ಸದ್ದು, ಅವನೇ, ಹಿಂದೆಯೇ ಇನ್ನೊಂದು ಚಪ್ಪಲಿ, ಆ ನಡಿಗೆ ಅವಳಿಗೆ ಗೊತ್ತು. ಅಮ್ಮಾ, ಬರಬಹುದಾ. ಬಾರಪ್ಪ, ಹೊರಗೆ ಯಾಕೆ ನಿಂತೆ, ಕಾಲು ಸವೆದುಹೋಗುತ್ತೆ. ಒಳಗೆ ಬಂದ, ಕಿವಿಯ ಮೇಲೆ ಪೆನ್ಸಿಲು, ತಲೆಗೆ ಎಣ್ಣೆ, ಇಸ್ತ್ರಿ ಅಂಗಿ, ಅವನ ಕಣ್ಣು ಮೊದಲು ಕಿಟಕಿಗೇ ಹೋಯಿತು, ಅಲ್ಲಿಂದ ಆ ಮೂಲೆಯ ಹೆಬ್ಬೆಟ್ಟಿಗೆ, ಅಲ್ಲಿಂದ ನೆಲಕ್ಕೆ. ಸೊಸೆ ಖಾಲಿ ಗಂಟಿನ ಬಟ್ಟೆಯನ್ನು ಮಡಿಸುತ್ತಿದ್ದಾಳೆ, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಾಳೆ, ತಲೆ ಎತ್ತುವುದಿಲ್ಲ, ಅತ್ತೆ, ಕೆನ್ನೆಗೆ ಬಣ್ಣ ಆಗಿದೆ. ಆಗ್ಲಿ ಬಿಡೆ. ಕೇಳಿದ್ರಾ ಅತ್ತೆ. ಕೇಳ್ದೆ. ದೇವರು ಏನಂದ್ರು? ಏನೂ ಅನ್ನಲಿಲ್ಲ ಕಣೇ, ಅವನು ಜಾಣ, ನನ್ನ ಮೇಲೇ ಬಿಟ್ಟ, ನಾನೇ ಹೇಳ್ತಿದೀನಿ, ಆಗಲಿ. ಸೊಸೆಯ ಕೈಯಿಂದ ಗಂಟಿನ ಬಟ್ಟೆ ಜಾರಿ ಬಿತ್ತು, ಈ ಸಲ ಅವಳ ಕಡೆಯದು. ಗಾಜಿನವನು ಗಂಟಲು ಸರಿಮಾಡಿಕೊಂಡ, ಜೇಬಿಗೆ ಕೈ ಹಾಕಿದ, ಒರೆಸುವ ಬಟ್ಟೆ ತೆಗೆದ, ಗಾಜಿನ ಕಡೆ ಹೋಗಲಿಲ್ಲ, ತನ್ನ ಮುಖವನ್ನೇ ಒರೆಸಿಕೊಂಡ, ಆಮೇಲೆ ಮೆಲ್ಲಗೆ, ಮೊದಲ ಸಲ ಹಾಕಿದ ಚಪ್ಪಲಿಯಲ್ಲಿ ನಡೆಯುವವನ ಹಾಗೆ ಅಂದ, ನೀವು ಹೇಳ್ದಂಗೇ ಆಗ್ಲಿ ಅತ್ತೆ. ಕಿವಿಗೆ ಬಿತ್ತು ಅದು. ಹೌದಲ್ಲ, ಹೆಣ್ಣು ಕೊಟ್ಟವಳನ್ನು ಮತ್ತೇನೆಂದು ಕರೆಯುತ್ತಾನೆ, ಕರೆಯುವವರು ಒಬ್ಬರಿದ್ದ ಕಡೆ ಇಬ್ಬರಾದರು, ಲೆಕ್ಕದಲ್ಲಿ ಇದು ಹೊಳೆದೇ ಇರಲಿಲ್ಲ, ಎಷ್ಟು ಸುಮ್ಮನೆ ಹೆದರಿಸಿದೆಯಪ್ಪ ನನ್ನನ್ನು. ಸೊಸೆ ಬಂದು ಹಿಂದೆ ನಿಂತಿದ್ದಾಳೆ, ಮೂಗು ಎಳೆಯುತ್ತಿದ್ದಾಳೆ, ತಿರುಗಿ ನೋಡಿದರೆ ಇಬ್ಬರೂ ಅತ್ತುಬಿಡುತ್ತಾರೆ, ತಿರುಗಲಿಲ್ಲ, ನೀಲಿ ತೊಟ್ಟಿಯ ಹತ್ತಿರ ಹೋದಳು, ಒಣಗಿದ ತುಂಡು ಇನ್ನೂ ಕೈಯಲ್ಲಿತ್ತು, ಒಂದು ಕೆಲಸ ಅರ್ಧಕ್ಕೆ ಬಿಡಬಾರದು, ಸಂಜೆಗೆ ಇದೂ ಒಣಗಲಿ. ನೀರಿನ ಮೇಲೆ ಹಿಡಿದಳು, ಕಣ್ಣು ಬಿಟ್ಟುಕೊಂಡೇ, ಬೆರಳು ಬಿಡಿಸಿದಳು. ಬಟ್ಟೆ ಒಂದು ಗಳಿಗೆ ಮೇಲೆಯೇ ತೇಲಿತು, ಅಂಚು ಮೊದಲು ನೆನೆಯಿತು, ಮೂಲೆ ಬಾಗಿತು, ಕೋಲು ಕೊಡ್ಲಾ ಅತ್ತೆ, ಬೇಡ ಕಣೇ, ತಾನಾಗೇ ಇಳಿಯುತ್ತೆ, ಇಳಿಯುತ್ತಿದೆ, ನೀಲಿಯೊಳಗೆ ನೀಲಿ ಮೊದಲು ಮರೆಯಾಯಿತು, ಅವು ಮಾತ್ರ ಇನ್ನೂ ಕಾಣುತ್ತಿವೆ, ನಾಲ್ಕು ಬಿಳಿ ಬೆರಳು, ಕೆಳಗೆ, ಇನ್ನೂ ಕೆಳಗೆ, ನಾಲ್ಕು ಬಿಳಿ ಬೆರಳು